ಚಳಿಯಿಲ್ಲದ ಊರಿನ ಗುಲಾಬಿ

ಒಡ್ಡನ್‌ಛತ್ರಂ ಎಂದರೆ ತಮಿಳುನಾಡಿನವರಿಗೆ ತರಕಾರಿ ನೆನಪಾಗುತ್ತದೆ. ದಿಂಡಿಗಲ್ಲಿನಿಂದ ಪಳನಿಗೆ ಹೋಗುವ ರಸ್ತೆಯಲ್ಲಿ ಸಿಗುವ ಈ ಊರಿನ ಗಾಂಧಿ ಮಾರುಕಟ್ಟೆಯಿಂದ ನುಗ್ಗೆ, ಟೊಮೇಟೊ, ಬದನೆ, ಬೆಂಡೆ ಹೇರಿಕೊಂಡ ಲಾರಿಗಳು ಕೇರಳದ ಕಡೆ ಹೊರಡುತ್ತವೆ. ಹೂವಿನ ಹೆಸರು ಅದೇ ಜಿಲ್ಲೆಯ ನಿಲಕ್ಕೋಟೈಯದು. ಮಲ್ಲಿಗೆ, ಕನಕಾಂಬರ, ಗುಲಾಬಿ ಎಲ್ಲ ಅಲ್ಲಿನ ಮಾರುಕಟ್ಟೆಗೆ ಇಳಿಯುತ್ತವೆ. ಹಾಗಿದ್ದೂ ಮನೆಯಂಗಳದ ಗುಲಾಬಿಯ ಬಗ್ಗೆ ಬರೆಯುವಾಗ ನನಗೆ ಈ ತರಕಾರಿ ಊರೇ ಬೇಕು. ಕಾರಣ, ಅದು ಕೂತಿರುವ ಜಾಗ. ಬೆನ್ನಿಗೆ ಪಳನಿ ಬೆಟ್ಟಸಾಲು. ಅದರ ಮೇಲೆ ಸುಮಾರು 2,100 ಮೀಟರ್ ಎತ್ತರದಲ್ಲಿ ಕೊಡೈಕೆನಾಲ್. ಬೆಟ್ಟದ ಆಚೆ ಬದಿಗೆ ಇಳಿದರೆ ತೇನಿ, ಕಂಬಂ ಕಣಿವೆ, ದ್ರಾಕ್ಷಿ ಚಪ್ಪರಗಳು. ಈಚೆಗೆ ಬಿಸಿಲಿಗೆ ಕಾದ ಕೆಂಪು ಮಣ್ಣಿನ ಬಯಲು. ಘಮಘಮಿಸುವ ಗುಲಾಬಿ ಒಂದು ಕಡೆ ಚೆನ್ನಾಗಿ ಬಂದು ಇನ್ನೊಂದು ಕಡೆ ಮುನಿಸಿಕೊಳ್ಳುವುದೇಕೆ ಎಂಬ ಪ್ರಶ್ನೆಗೆ ಬೇಕಾದ ಉತ್ತರವೆಲ್ಲ ಈ ಒಂದು ಬೆಟ್ಟದ ಸುತ್ತಲೇ ಸಿಕ್ಕಿಬಿಡುತ್ತದೆ.

ಕನ್ನಡಿಗರಿಗೆ ಈ ಸೀಮೆ ಪೂರ್ತಿ ಪರಸ್ಥಳವೇನೂ ಅಲ್ಲ. ದಿಂಡಿಗಲ್ಲು, ಮಧುರೆ ಕಡೆಯ ಅನುಪ್ಪರು, ಕಂಬಂ ಕಣಿವೆಯ ಕಾಪ್ಪಿಲಿಯರು ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು ಎಂದು ತಲೆಮಾರುಗಳಿಂದ ನಡೆಸಿಕೊಂಡು ಬಂದವರು. ಎಡ್ಗರ್ ಥರ್ಸ್ಟನ್ 1909ರ ತನ್ನ ಸಂಪುಟಗಳಲ್ಲಿ ಇಬ್ಬರನ್ನೂ ಕನ್ನಡದ ಬೇಸಾಯಗಾರರೆಂದೇ ಬರೆದಿದ್ದಾನೆ. ಅವರ ಹೊಲದ ಬಿಸಿಲು, ನಮ್ಮ ಬಳ್ಳಾರಿ, ರಾಯಚೂರು, ಚಿತ್ರದುರ್ಗದ ಬಿಸಿಲು ಒಂದೇ ಜಾತಿಯದು. ಆದ್ದರಿಂದ ಅಲ್ಲಿನ ಗುಲಾಬಿಯ ಪಾಠ ನಮ್ಮ ಬಯಲುಸೀಮೆಗೂ ಸಲ್ಲುತ್ತದೆ. ಕನ್ನಡದಲ್ಲಿ ನಾವು ಓದುವ ಗುಲಾಬಿ ಸಲಹೆಗಳಲ್ಲಿ ಬಹುಪಾಲು ಬೆಂಗಳೂರಿನ ಹವೆಗೆ ಹೊಲಿದ ಅಂಗಿಗಳು. ಒಂಬೈನೂರು ಮೀಟರ್ ಎತ್ತರದ, ರಾತ್ರಿ ತಂಪಾಗುವ ಊರಿನ ಲೆಕ್ಕವನ್ನು ಹಿಡಿದುಕೊಂಡು ಸಿರುಗುಪ್ಪದಲ್ಲಿ ಗಿಡ ನೆಟ್ಟರೆ ಗಿಡದ್ದೇನು ತಪ್ಪು?

ಗುಲಾಬಿ ನೆಡಬೇಕೆಂದು ಹೊರಟವರಿಗೆ ಸಾಮಾನ್ಯವಾಗಿ ಮೂರು ಆಸೆ. ಹೂವಿಗೆ ಪರಿಮಳ ಇರಬೇಕು. ವರ್ಷಕ್ಕೊಮ್ಮೆ ಬಿಟ್ಟು ಸುಮ್ಮನಾಗದೆ ಮತ್ತೆ ಮತ್ತೆ ಬಿಡಬೇಕು. ಗಿಡ ಒಂದು ಕಡ್ಡಿಯ ಮೇಲೆ ಒಂದು ಹೂವಿನಂತೆ ನಿಲ್ಲದೆ ಪೊದೆಯಾಗಿ ಹರಡಿ ಅಂಗಳ ತುಂಬಬೇಕು. ನರ್ಸರಿಯಲ್ಲಿ ಸಾಲಾಗಿ ನಿಲ್ಲಿಸಿರುವ ಹೈಬ್ರಿಡ್ ಟೀ ಗಿಡಗಳು ಎರಡನೆಯದನ್ನು ತಕ್ಕಮಟ್ಟಿಗೆ ಕೊಡುತ್ತವೆ, ಮೊದಲನೆಯದನ್ನು ಅಪರೂಪಕ್ಕೆ, ಮೂರನೆಯದನ್ನು ಕೊಡುವುದೇ ಇಲ್ಲ. 1867ರಲ್ಲಿ ಫ್ರಾನ್ಸಿನ ಗಿಯೋ ಎಂಬಾತ ಹೊರತಂದ ‘ಲಾ ಫ್ರಾನ್ಸ್’ನಿಂದ ಶುರುವಾದ ಈ ಕುಲವನ್ನು ಬೆಳೆಸಿದವರ ಕಣ್ಣು ಮೊಗ್ಗಿನ ಚೂಪಿನ ಮೇಲೆ, ಕಾಂಡದ ಉದ್ದದ ಮೇಲೆ, ಬಣ್ಣದ ಮೇಲೆ ಇತ್ತು. ಪೆಟ್ಟಿಗೆಯಲ್ಲಿ ವಿಮಾನ ಹತ್ತಬೇಕಾದ ಹೂವಿಗೆ ವಾಸನೆ ಇದ್ದರೆಷ್ಟು, ಬಿಟ್ಟರೆಷ್ಟು!

ಈ ಕೊರತೆ ನೋಡಿಯೇ ಇಂಗ್ಲೆಂಡಿನ ಡೇವಿಡ್ ಆಸ್ಟಿನ್ ಹಳೆಯ ಪರಿಮಳದ ಗುಲಾಬಿಗಳನ್ನು ಹೊಸ ಗುಲಾಬಿಗಳ ಜೊತೆ ಬೆರೆಸತೊಡಗಿದರು. 1961ರಲ್ಲಿ ಬಂದ ಅವರ ಮೊದಲ ಗಿಡ ‘ಕಾನ್‌ಸ್ಟನ್ಸ್ ಸ್ಪ್ರೈ’ ವರ್ಷಕ್ಕೊಮ್ಮೆ ಮಾತ್ರ ಹೂ ಬಿಡುತ್ತಿತ್ತು. ಎರಡು ದಶಕ ಬೆರೆಸಿ, ಆರಿಸಿ, 1983ರಲ್ಲಿ ‘ಗ್ರಹಾಂ ಥಾಮಸ್’ ಎಂಬ ಹಳದಿ ಗುಲಾಬಿ ಹೊರಬಂದಾಗ ಜಗತ್ತು ತಿರುಗಿ ನೋಡಿತು. ತುಂಬಿದ ಬಟ್ಟಲಿನಂಥ ಹೂ, ಘಮ, ಪೊದೆ, ಮರಳಿ ಹೂಬಿಡುವ ಗುಣ ಎಲ್ಲ ಸೇರಿದ ‘ಇಂಗ್ಲಿಷ್ ರೋಸ್’ಗಳು ಈಗ ಫೋನಿನ ಪರದೆಯ ಮೇಲೆ ನಮ್ಮವರನ್ನೂ ಸೆಳೆಯುತ್ತಿವೆ. ಅವು ಚಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹದಿನಾರು ಗಂಟೆಯ ತಂಪು ಬೇಸಿಗೆ ಹಗಲಿನಲ್ಲಿ, ಹಿಮ ಬೀಳುವ ಚಳಿಗಾಲದಲ್ಲಿ ಆರಿಸಿದ ಗಿಡ ಅದು. ಏಪ್ರಿಲ್ ತಿಂಗಳ ಒಡ್ಡನ್‌ಛತ್ರಂನಲ್ಲಿ ಅದರ ಹೂ ಚಿಕ್ಕದಾಗುತ್ತದೆ, ದಳ ಕಡಿಮೆಯಾಗುತ್ತದೆ, ಬೆಳಿಗ್ಗೆ ಅರಳಿದ್ದು ಸಂಜೆಗೆ ಸೋಲುತ್ತದೆ. ಗಿಡ ಮಾತ್ರ ಎತ್ತರಕ್ಕೆ ಸಣಕಲು ಕೋಲುಗಳನ್ನು ಚಾಚುತ್ತಾ ಹೋಗುತ್ತದೆ.

ಈ ಮಾತನ್ನು ನನಗಿಂತ ಅಧಿಕಾರದಿಂದ ಹೇಳಬಲ್ಲವರು ಒಡ್ಡನ್‌ಛತ್ರಂನ ನೆತ್ತಿಯ ಮೇಲೇ ಇದ್ದಾರೆ. ಐಎಎಸ್ ಅಧಿಕಾರಿಯಾಗಿದ್ದ ಎಂ.ಎಸ್. ವೀರರಾಘವನ್ 1980ರಲ್ಲಿ ಸ್ವಯಂ ನಿವೃತ್ತಿ ಪಡೆದು ಪತ್ನಿ ಗಿರಿಜಾ ಅವರೊಂದಿಗೆ ಕೊಡೈಕೆನಾಲ್‌ನಲ್ಲಿ ನೆಲೆಸಿದರು. ಅಲ್ಲಿಂದಾಚೆಗೆ ದಂಪತಿಯ ಬದುಕೆಲ್ಲ ಬಿಸಿ ನಾಡಿಗೆ ಹೊಂದುವ ಗುಲಾಬಿ ತಳಿಗಳನ್ನು ರೂಪಿಸುವುದರಲ್ಲೇ ಕಳೆದಿದೆ. ಯುರೋಪಿನ ಗುಲಾಬಿಯ ರಕ್ತದಲ್ಲಿರುವುದು ಚಳಿಯ ದೇಶಗಳ ಕಾಡು ಗುಲಾಬಿ. ಸೆಕೆಯ ದೇಶಕ್ಕೆ ಗಿಡ ಬೇಕಿದ್ದರೆ ಸೆಕೆಯ ದೇಶದ ಕಾಡು ಗುಲಾಬಿಯನ್ನೇ ಬೆರೆಸಬೇಕು ಎಂಬುದು ಅವರ ಸರಳ ತರ್ಕ. ಅದಕ್ಕಾಗಿ ಎರಡು ಭಾರತೀಯ ಕಾಡು ಗುಲಾಬಿಗಳನ್ನು ಹಿಡಿದರು. ಒಂದು ಮಣಿಪುರದ ಬೆಟ್ಟಗಳ ರೋಸಾ ಜೈಗ್ಯಾಂಟಿಯಾ, ಮರಗಳ ಮೇಲೆ ಹಬ್ಬುವ ದೊಡ್ಡ ಬಳ್ಳಿ. ಇನ್ನೊಂದು ರೋಸಾ ಕ್ಲೈನೋಫಿಲ್ಲಾ. ಬಂಗಾಳದ ಕಡೆ ಬೇರು ನೀರಲ್ಲಿ ನಿಂತರೂ ಕೊಳೆಯದ, ಸೆಕೆಗೆ ಜಗ್ಗದ ಗುಲಾಬಿ. ಸಸ್ಯವಿಜ್ಞಾನಿ ಇ.ಕೆ. ಜಾನಕಿ ಅಮ್ಮಾಳ್ ಹೆಸರಿನ ಗುಲಾಬಿಯೂ ಇವರದೇ. ವಿದೇಶದ ಗುಲಾಬಿ ಸಂಘಗಳಲ್ಲಿ ಇವರ ಹೆಸರು ಹೇಳಿದರೆ ಎದ್ದು ನಿಲ್ಲುವವರಿದ್ದಾರೆ. ನಮ್ಮ ಊರ ನರ್ಸರಿಗಳಲ್ಲಿ ಇವರ ತಳಿ ಕೇಳಿದರೆ ಮುಖ ಮುಖ ನೋಡುತ್ತಾರೆ. ಅದೇ ಪಳನಿ ಬೆಟ್ಟದಲ್ಲಿ, ನೀಲಗಿರಿಯಲ್ಲೂ, ರೋಸಾ ಲೆಶೆನಾಲ್ಟಿಯಾನಾ ಎಂಬ ಬಿಳಿ ಕಾಡು ಗುಲಾಬಿ ತಾನಾಗಿ ಹಬ್ಬಿ ಹೂ ಬಿಡುತ್ತದೆ. ದಕ್ಷಿಣ ಭಾರತಕ್ಕೆ ತನ್ನದೇ ಗುಲಾಬಿ ಇಲ್ಲ ಎಂದುಕೊಂಡವರಿಗಾಗಿ ಹೇಳಿದೆ.

ಈಗ ಬಯಲಿಗೆ ಇಳಿಯೋಣ. ನಿಲಕ್ಕೋಟೈ, ದಿಂಡಿಗಲ್ಲಿನ ಹೂವಿನ ಅಂಗಡಿಗಳಲ್ಲಿ ಬಿಡಿಹೂವಾಗಿ ತೂಕಕ್ಕೆ ಸಿಗುವ, ನಸುಗೆಂಪು ಬಣ್ಣದ, ಸಡಿಲ ದಳದ, ಬುಟ್ಟಿಯ ಹತ್ತಿರ ಹೋದರೇ ಮೂಗಿಗೆ ತಾಕುವ ಹೂವಿಗೆ ಅಲ್ಲಿನವರು ಪನ್ನೀರು ರೋಜಾ ಎನ್ನುತ್ತಾರೆ. ನಮ್ಮಲ್ಲಿ ನಾಟಿ ಗುಲಾಬಿ, ಪನ್ನೀರು ಗುಲಾಬಿ. ತೋಟಗಾರಿಕೆಯ ಕೈಪಿಡಿಗಳಲ್ಲಿ ಇದರ ಜಾಗದಲ್ಲಿ ಸಿಗುವ ಹೆಸರು ಎಡ್ವರ್ಡ್ ರೋಸ್, ರೋಸಾ ಬೋರ್ಬೋನಿಯಾನಾ. ನನ್ನ ಮಟ್ಟಿಗೆ, ಆ ಮೂರೂ ಆಸೆಗಳಿಗೆ ಬಯಲುಸೀಮೆಯ ಉತ್ತರ ಇದೇ. ಹೂವಿನ ಆಕಾರದಲ್ಲಿ ಇದು ಯಾವ ಸ್ಪರ್ಧೆಯನ್ನೂ ಗೆಲ್ಲುವುದಿಲ್ಲ. ಹೂದಾನಿಯಲ್ಲಿ ಎರಡನೆಯ ದಿನ ದಳ ಉದುರಿಸುತ್ತದೆ. ಆದರೆ ಅಡಿಯಿಂದ ಮುಡಿಯವರೆಗೆ ಪೊದೆ, ಹೂವಿನ ತುಂಬ ಘಮ, ನೀರು ಗೊಬ್ಬರ ಸಿಕ್ಕರೆ ಹನ್ನೆರಡು ತಿಂಗಳೂ ಒಂದಲ್ಲ ಒಂದು ಮೊಗ್ಗು.

ಇದರ ಹುಟ್ಟಿನ ಕಥೆ ಹಿಂದೂ ಮಹಾಸಾಗರದಲ್ಲಿದೆ. ಇಂದು ರಿಯೂನಿಯನ್ ಎನ್ನುವ ದ್ವೀಪಕ್ಕೆ ಆಗ ಬೋರ್ಬೊನ್ ಎಂದು ಹೆಸರು. ಅಲ್ಲಿನ ಫ್ರೆಂಚ್ ರೈತರು ಹೊಲದ ಬೇಲಿಗೆ ಎರಡು ಬಗೆಯ ಗುಲಾಬಿ ಹಾಕುತ್ತಿದ್ದರು. ಒಂದು ಘಮ ತುಂಬಿದ ಡಮಾಸ್ಕ್, ಇನ್ನೊಂದು ಚೀನಾದಿಂದ ಬಂದ, ಘಮ ಕಡಿಮೆಯಾದರೂ ಸದಾ ಹೂಬಿಡುವ ಗುಲಾಬಿ. ಜೇನು ಎರಡನ್ನೂ ಬೆರೆಸಿತು. ಹಾಗೆ ಹುಟ್ಟಿದ ಗಿಡ ಸಿಕ್ಕ ಜಮೀನಿನ ಒಡೆಯ ಎದುವಾರ್ ಪೆರಿಶೊನ್ ಹೆಸರೇ ನಮ್ಮ ‘ಎಡ್ವರ್ಡ್’ ಆಯಿತೆನ್ನುವುದು ಗುಲಾಬಿ ಚರಿತ್ರೆಕಾರರು ಹೇಳುತ್ತ ಬಂದಿರುವ ಮಾತು. 1817ರಲ್ಲಿ ದ್ವೀಪಕ್ಕೆ ಬಂದ ಸಸ್ಯಶಾಸ್ತ್ರಜ್ಞ ಬ್ರೆಯೊನ್ ಇದರ ಬೀಜವನ್ನು ಪ್ಯಾರಿಸಿಗೆ ಕಳಿಸಿದ. ಅಲ್ಲಿಂದ ಬೋರ್ಬೊನ್ ಗುಲಾಬಿಗಳ ಒಂದು ಸಂತಾನವೇ ಬೆಳೆದು ಹತ್ತೊಂಬತ್ತನೇ ಶತಮಾನದ ತೋಟಗಳನ್ನು ತುಂಬಿತು. ಆಸ್ಟಿನ್ ಇಂಗ್ಲೆಂಡಿನಲ್ಲಿ ಮತ್ತೆ ಹುಡುಕಿ ಹೊರಟದ್ದು ಇಂಥ ಹಳೆಯ ಗುಲಾಬಿಗಳ ಗುಣವನ್ನೇ. ನಾವು ಪರದೆಯಲ್ಲಿ ನೋಡಿ ಆಸೆಪಡುವ ಗುಣದ ಒಬ್ಬ ಅಜ್ಜಿ ನಿಲಕ್ಕೋಟೈ ಸಂತೆಯ ಬುಟ್ಟಿಯಲ್ಲಿ ಕೂತಿದ್ದಾಳೆ.

ಮತ್ತೆ ಮತ್ತೆ ಹೂಬಿಡುವ ಗುಣ ಬಂದದ್ದು ಚೀನಾದ ಕಡೆಯಿಂದ ಎಂದೆನಲ್ಲ, ಅದು ಏನೆಂದು ಈಗ ತಿಳಿದಿದೆ. ಕಾಡು ಗುಲಾಬಿಯಲ್ಲಿ ಕೆಎಸ್‌ಎನ್ ಎಂಬ ವಂಶವಾಹಿ ಹೂವಿಗೆ ತಡೆ ಹಾಕುತ್ತದೆ. ವಸಂತದಲ್ಲಿ ಒಮ್ಮೆ ಹೂ ಬಿಟ್ಟಾದ ಮೇಲೆ ಬಂದ ಚಿಗುರೆಲ್ಲ ಬರೀ ಕೊಂಬೆಯಾಗುತ್ತದೆ. ಚೀನಾದ ತೋಟದ ಗುಲಾಬಿಗಳಲ್ಲಿ ಯಾವಾಗಲೋ ಒಂದು ಅಲೆಮಾರಿ ಡಿಎನ್‌ಎ ತುಣುಕು ಈ ವಂಶವಾಹಿಯ ನಡುವೆ ಹೋಗಿ ಸಿಕ್ಕಿಕೊಂಡು ಅದನ್ನು ಕೆಡಿಸಿಬಿಟ್ಟಿತು. ತಡೆ ಹೋಯಿತು; ಚಿಗುರಿದ್ದೆಲ್ಲ ತುದಿಯಲ್ಲಿ ಹೂವಾಗತೊಡಗಿತು. ಫ್ರಾನ್ಸ್ ಮತ್ತು ಜಪಾನಿನ ಸಂಶೋಧಕರು ಇದನ್ನು 2012ರಲ್ಲಿ ಪ್ರಕಟಿಸಿದರು. ಹದಿನೆಂಟನೇ ಶತಮಾನದ ಕೊನೆಗೆ ಚೀನಾದ ಈ ಗುಲಾಬಿಗಳು ಯುರೋಪು ತಲುಪದಿದ್ದರೆ ಇಂದಿನ ಗುಲಾಬಿ ಅಂಗಡಿಗಳಿಗೆ ವರ್ಷದಲ್ಲಿ ಹತ್ತು ತಿಂಗಳು ಬೀಗ.

ಇದರಿಂದ ತೋಟದವರಿಗೆ ಸಿಗುವ ಸೂತ್ರ ಸಣ್ಣದು, ಆದರೆ ಬಹಳ ಉಪಯೋಗದ್ದು. ಇಂಥ ಗಿಡದಲ್ಲಿ ಹೂವಿಗೆ ಕಾಯಬೇಕಿಲ್ಲ, ಚಿಗುರಿಗೆ ಕಾಯಬೇಕು. ಹೊಸ ಚಿಗುರು ಎಷ್ಟೋ, ಹೂ ಅಷ್ಟು. ಹಾಗಾದರೆ ಚಿಗುರು ಹೊರಡಿಸುವುದು ಹೇಗೆ?

ಇಲ್ಲಿ ಕಂಬಂ ಕಣಿವೆಯ ದ್ರಾಕ್ಷಿಯ ರೈತ ನಮಗೆ ಮೇಷ್ಟ್ರು. ಅಲ್ಲಿ ಬೆಳೆಯುವುದು ಮಸ್ಕಟ್ ಹ್ಯಾಂಬರ್ಗ್ ಎಂಬ ಕಪ್ಪು ದ್ರಾಕ್ಷಿ. ಕಂಬಂ ಪನ್ನೀರು ದ್ರಾಕ್ಷಿ ಎಂದು ಅದಕ್ಕೆ 2023ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿತು. ಯುರೋಪಿನಲ್ಲಿ ದ್ರಾಕ್ಷಿ ಬಳ್ಳಿ ಚಳಿಗೆ ಎಲೆ ಉದುರಿಸಿ ಮಲಗುತ್ತದೆ, ವಸಂತದಲ್ಲಿ ಎಚ್ಚೆತ್ತು ಒಂದು ಬೆಳೆ ಕೊಡುತ್ತದೆ. ಕಂಬಂನಲ್ಲಿ ಮಲಗಿಸುವಷ್ಟು ಚಳಿ ಇಲ್ಲ. ಬಿಟ್ಟರೆ ಬಳ್ಳಿ ಎಲೆಯನ್ನೇ ಬೆಳೆಸುತ್ತ ಕೂರುತ್ತದೆ. ಅದಕ್ಕೆ ರೈತ ಕತ್ತರಿ ಹಿಡಿದು ಬಳ್ಳಿಯನ್ನು ಹಿಂದಕ್ಕೆ ಸವರುತ್ತಾನೆ. ಕತ್ತರಿಸಿದ ಕಡೆ ಮಲಗಿದ್ದ ಕಣ್ಣುಗಳು ಒಟ್ಟಿಗೆ ಒಡೆಯುತ್ತವೆ, ಚಿಗುರಿನ ಜೊತೆ ಗೊಂಚಲು. ಒಂದು ತೋಟದಲ್ಲಿ ಸವರುವ ಕಾಲಕ್ಕೆ ಇನ್ನೊಂದರಲ್ಲಿ ಕೊಯ್ಲು. ಹೀಗಾಗಿ ಕಣಿವೆಯಲ್ಲಿ ಯಾವ ತಿಂಗಳು ಹೋದರೂ ದ್ರಾಕ್ಷಿ ಸಿಗುತ್ತದೆ. ಗುಲಾಬಿಯ ಚಿಗುರಿಗೂ ಉಪಾಯ ಇದೇ, ಸವರುವುದು. ಅಂದಹಾಗೆ, ಆ ದ್ರಾಕ್ಷಿಯ ಘಮದಲ್ಲಿರುವ ಜೆರೇನಿಯಾಲ್ ಎಂಬ ದ್ರವ್ಯವೇ ಗುಲಾಬಿಯಲ್ಲೂ ಇದೆ. ಬೆಟ್ಟದ ಒಂದು ಬದಿಯ ಹಣ್ಣಿಗೂ ಇನ್ನೊಂದು ಬದಿಯ ಹೂವಿಗೂ ರಸಾಯನದ ನೆಂಟಸ್ತಿಕೆ ಇದೆ.

ಡಮಾಸ್ಕ್ ಗುಲಾಬಿ ಏಕೆ ಇಲ್ಲಿ ಬೇಡ ಎನ್ನುವುದಕ್ಕೂ ಚಳಿಯ ಈ ಲೆಕ್ಕವೇ ಉತ್ತರ. ಕನ್ನೌಜಿನ ಅತ್ತರಿಗೆ, ರಾಜಸ್ಥಾನದ ಪುಷ್ಕರ, ಹಲ್ದಿಘಾಟಿಗಳ ಗುಲಾಬಿ ನೀರಿಗೆ ಬಳಸುವ ಡಮಾಸ್ಕ್ ಉತ್ತರದ ಚಳಿಯಲ್ಲಿ ನಿದ್ದೆ ಮಾಡಿ ಎದ್ದು, ಮಾರ್ಚ್–ಏಪ್ರಿಲ್‌ನ ಕೆಲವೇ ವಾರ ಹೂ ಸುರಿಸಿ ಮುಗಿಸುತ್ತದೆ. ಎಣ್ಣೆಯ ಅಂಶದಲ್ಲಿ ಅದು ಎಡ್ವರ್ಡ್‌ಗಿಂತ ಮೇಲು. ಹಾಗಿದ್ದೂ ಒಂದು ಕಿಲೋ ಗುಲಾಬಿ ಎಣ್ಣೆ ಇಳಿಸಲು ಮೂರು–ನಾಲ್ಕು ಟನ್ ಹೂ ಬೇಕು. ನಾವೇನೂ ಎಣ್ಣೆ ಇಳಿಸುವುದಿಲ್ಲವಲ್ಲ. ದೇವರಿಗೆ ನಾಲ್ಕು, ಮುಡಿಗೆ ಒಂದು, ಮೂಸಿ ನೋಡಲು ಗಿಡದಲ್ಲೇ ಎರಡು. ಚಳಿ ಕಾಣದ ಒಡ್ಡನ್‌ಛತ್ರಂನಲ್ಲಿ ಡಮಾಸ್ಕ್ ನೆಟ್ಟು ಹೂವಿಗೆ ಕಾಯುವವರಿಗೆ ಕಾಯುವುದೇ ಹವ್ಯಾಸವಾಗಬೇಕು.

ಸವರುವ ಕಾಲದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಬಹಳ ಗಿಡಗಳು ಹಾಳಾಗುವುದು ಇಲ್ಲೇ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಶಿಫಾರಸಿನಂತೆ ಬಯಲಿನಲ್ಲಿ ಗುಲಾಬಿ ಸವರುವುದು ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ. ಹಿಂದಿನ ವರ್ಷದ ಕೊಂಬೆಗಳನ್ನು ಅರ್ಧಕ್ಕೆ ಇಳಿಸಿ, ಒಣಗಿದ್ದು, ಹೆಣೆದುಕೊಂಡದ್ದು, ಪೊದೆಯ ಒಳಕ್ಕೆ ನುಗ್ಗಿದ್ದನ್ನು ತೆಗೆಯಬೇಕು. ಆದರೆ ಒಡ್ಡನ್‌ಛತ್ರಂಗೆ ದೊಡ್ಡ ಮಳೆ ತರುವುದು ಈಶಾನ್ಯ ಮಾರುತ, ಅದೂ ಅಕ್ಟೋಬರ್‌ನಿಂದ ಡಿಸೆಂಬರ್‌ಗೇ. ನೆನೆದ ಹವೆಯಲ್ಲಿ ಕತ್ತರಿಸಿದ ಕೊಂಬೆಯ ಬಾಯಿಂದ ಶಿಲೀಂಧ್ರ ಒಳಹೊಕ್ಕು ತುದಿಯಿಂದ ಬುಡದ ಕಡೆಗೆ ಕಪ್ಪಾಗಿ ಒಣಗಿಸುತ್ತ ಬರುತ್ತದೆ. ಹೊಸ ಎಲೆಗಳ ಮೇಲೆ ಕಪ್ಪು ಚುಕ್ಕೆ ರೋಗ ಹತ್ತುತ್ತದೆ. ಎಲೆ ಕೆಲವು ಗಂಟೆ ಸತತ ಒದ್ದೆಯಾಗಿದ್ದರೆ ಸಾಕು ಅದರ ಬೀಜಾಣು ಮೊಳೆಯಲು. ಆದ್ದರಿಂದ ಶಿಫಾರಸಿನ ಕಿಟಕಿಯಲ್ಲಿ ಕೊನೆಯ ತುದಿಯೇ ಮೇಲು ಎನ್ನುವ ಪಕ್ಷ ನನ್ನದು. ಮಳೆ ಹಿಂದೆ ಸರಿದು ನಾಲ್ಕು ದಿನ ಬಿಸಿಲು ಕಂಡ ಮೇಲೆ ಕತ್ತರಿ ಎತ್ತಿ, ಕತ್ತರಿಸಿದ ಬಾಯಿಗೆಲ್ಲ ಬೋರ್ಡೊ ಮುಲಾಮು ಹಚ್ಚಿ. ಸವರಿದ ಆರು–ಏಳು ವಾರಕ್ಕೆ ಹೂ. ಡಿಸೆಂಬರ್ ನಡುವಿನಲ್ಲಿ ಸವರಿದರೆ ಜನವರಿ ಕೊನೆ, ಫೆಬ್ರವರಿ ಹೊತ್ತಿಗೆ ಗಿಡ ತುಂಬುತ್ತದೆ. ಪಳನಿಯ ತೈಪೂಸಂ ಜಾತ್ರೆ ಬರುವುದೂ ಹೆಚ್ಚುಕಡಿಮೆ ಆಗಲೇ. ಸಂಕ್ರಾಂತಿಗೇ ಹೂ ಬೇಕೆನ್ನುವವರು ನವೆಂಬರ್ ಕೊನೆಗೆ ಸವರಿ ಮಳೆಯ ಜೊತೆ ಜೂಜಾಡಬೇಕು. ಬೆಲೆ ಸಿಗುವುದಾದರೆ ಬೆಳೆಗಾರ ಆಡುತ್ತಾನೆ. ಅಂಗಳದ ಗಿಡದವರಿಗೆ ಆ ಹರಕತ್ತೇನೂ ಇಲ್ಲ. ನಮ್ಮ ಬಯಲುಸೀಮೆಯಲ್ಲಿ ಹಿಂಗಾರು ಬೇಗ ಮುಗಿಯುವ ಕಡೆ ನವೆಂಬರ್ ಮೊದಲ ಭಾಗಕ್ಕೇ ಕೈ ಹಾಕಬಹುದು. ಬೇಸಿಗೆ ದಾಟಿದ ಮೇಲೆ ಜೂನ್–ಜುಲೈಯಲ್ಲಿ ಇನ್ನೊಮ್ಮೆ, ಹಗುರವಾಗಿ, ಸೋತ ತುದಿಗಳನ್ನಷ್ಟೇ ತೆಗೆದರೆ ಎರಡನೆಯ ಸುತ್ತು.

ಮನೆಯ ಗಿಡಕ್ಕೆ ವರ್ಷವಿಡೀ ನಡೆಯುವ ಇನ್ನೊಂದು ಸವರುವಿಕೆ ಇದೆ, ಅದನ್ನು ಯಾರೂ ಸವರುವಿಕೆ ಎಂದು ಎಣಿಸುವುದಿಲ್ಲ. ಬೆಳಿಗ್ಗೆ ಪೂಜೆಗೆಂದು ಅಜ್ಜಿ ಹೂ ಕೊಯ್ಯುವುದು. ಹೂ ಗಿಡದಲ್ಲೇ ಒಣಗಿ ಕಾಯಿ ಕಟ್ಟಿದರೆ ಗಿಡದ ಶಕ್ತಿ ಬೀಜದ ಕಡೆ ತಿರುಗಿ ಚಿಗುರು ನಿಧಾನವಾಗುತ್ತದೆ. ಕೊಯ್ಯುವಾಗ ಬರೀ ಹೂವಿನ ತಲೆ ಚಿವುಟದೆ, ಕೆಳಗಿನ ಐದು ಪುಟ್ಟೆಲೆಗಳಿರುವ ಮೊದಲ ಎಲೆಯ ಮೇಲಕ್ಕೆ ತೊಟ್ಟು ಕತ್ತರಿಸಿದರೆ ಅಲ್ಲಿಂದ ಗಟ್ಟಿ ಚಿಗುರು ಹೊರಡುತ್ತದೆ. ಹೂ ಕೀಳಬಾರದು, ಗಿಡದಲ್ಲೇ ಚಂದ ಎನ್ನುವವರ ಮನೆಯಲ್ಲಿ ಗುಲಾಬಿ ಕಡಿಮೆ ಬಿಡುವುದು ಇದಕ್ಕೇ.

ಬೋರ್ಬೊನ್ ಕುಲದ ಗಿಡ ಬುಡದಿಂದ ಉದ್ದುದ್ದ ಕೋಲುಗಳನ್ನು ಚಾಚುತ್ತದೆ. ಹಾಗೇ ಬಿಟ್ಟರೆ ಪ್ರತಿ ಕೋಲಿನ ತುದಿಯಲ್ಲಿ ಮಾತ್ರ ಗೊಂಚಲು, ಕೆಳಗೆಲ್ಲ ಬೋಳು. ತುದಿಯ ಕುಡಿ ಕಳಿಸುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿನ ಕಣ್ಣುಗಳನ್ನು ಏಳದಂತೆ ಅದುಮಿಟ್ಟಿರುತ್ತದೆ. ಕೋಲನ್ನು ಮುರಿಯದ ಹಾಗೆ ನಿಧಾನಕ್ಕೆ ಬಾಗಿಸಿ, ನೆಲಕ್ಕೆ ಗೂಟ ಹೊಡೆದೋ ಬೇಲಿಯ ಕೆಳತಂತಿಗೋ ಅಡ್ಡವಾಗಿ ಕಟ್ಟಿದರೆ ಆ ಹಿಡಿತ ಸಡಿಲುತ್ತದೆ. ಕೋಲಿನುದ್ದಕ್ಕೂ ಗೆಣ್ಣು ಗೆಣ್ಣಿಗೆ ಚಿಗುರು, ಚಿಗುರು ಚಿಗುರಿಗೆ ಹೂ. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ತೋಟಗಳಲ್ಲಿ ಮಾಮೂಲಿಯಾಗಿದ್ದ ಈ ಉಪಾಯವನ್ನು ನಮ್ಮಲ್ಲಿ ಯಾರೂ ಮಾಡುವುದನ್ನು ಕಾಣೆ. ದುಡ್ಡಿಲ್ಲದ, ಔಷಧಿಯಿಲ್ಲದ ಉಪಾಯಗಳಿಗೆ ಪ್ರಚಾರಕರೂ ಇರುವುದಿಲ್ಲ. ಒಡ್ಡನ್‌ಛತ್ರಂನಂಥ ಕಡೆ ಇದಕ್ಕೆ ಇನ್ನೊಂದು ಲಾಭ: ಆಷಾಢದ ಗಾಳಿ. ಪಾಲ್ಘಾಟ್ ಕಣಿವೆಯ ಬಾಯಿಂದ ನುಗ್ಗಿ ಬರುವ ಆ ಗಾಳಿಯ ದಾರಿಯಲ್ಲೇ ಉಡುಮಲೈ, ಧಾರಾಪುರದ ಕಡೆ ಗಾಳಿಗಿರಣಿಗಳ ಸಾಲು ನಿಂತಿರುವುದು. ಎತ್ತರದ ಕೋಲು ಆ ಗಾಳಿಗೆ ಉಜ್ಜಿ ಗಾಯವಾಗುತ್ತದೆ, ಬಾಗಿಸಿ ಕಟ್ಟಿದ್ದು ತಪ್ಪಿಸಿಕೊಳ್ಳುತ್ತದೆ.

ನೆಡುವ ವಿಧಾನ ಎಲ್ಲ ಕೈಪಿಡಿಗಳಲ್ಲೂ ಇದೆ, ಬೇಗ ಮುಗಿಸುತ್ತೇನೆ. ಉದ್ದ, ಅಗಲ, ಆಳ 45 ಸೆಂಟಿಮೀಟರ್‌ನ ಗುಂಡಿ. ಸಾಲಿನಿಂದ ಸಾಲಿಗೆ 2 ಮೀಟರ್, ಗಿಡದಿಂದ ಗಿಡಕ್ಕೆ 1 ಮೀಟರ್. ಗುಂಡಿಗೆ 10 ಕಿಲೋ ಕೊಟ್ಟಿಗೆ ಗೊಬ್ಬರ. ಆಮೇಲೆ ಸವರಿದಾಗೊಮ್ಮೆ, ಜುಲೈಯಲ್ಲೊಮ್ಮೆ ಅಷ್ಟೇ ಗೊಬ್ಬರ, ಜೊತೆಗೆ ಗಿಡಕ್ಕೆ 6 ಗ್ರಾಂ ಸಾರಜನಕ, ರಂಜಕ ಮತ್ತು ಪೊಟ್ಯಾಷ್ ತಲಾ 12 ಗ್ರಾಂ. ಬೇವಿನ ಹಿಂಡಿ ಇದ್ದರೆ ಒಂದು ಹಿಡಿ. ದಿನಕ್ಕೆ ಆರು ಗಂಟೆ ಬಿಸಿಲು ಬೇಕು, ಅದು ಬೆಳಗಿನದಾದರೆ ಒಳ್ಳೆಯದು. ಬೇಸಿಗೆಯ ಮಧ್ಯಾಹ್ನ ಪಶ್ಚಿಮದಿಂದ ಒಂದು ನುಗ್ಗೆ ಮರದ ತೆಳುನೆರಳು ಬಿದ್ದರೆ ಹೂವಿನ ಬಣ್ಣ ಉಳಿಯುತ್ತದೆ. ಬುಡಕ್ಕೆ ತರಗೆಲೆ, ಹುಲ್ಲಿನ ಹೊದಿಕೆ ತಪ್ಪಬಾರದು.

ನಿಜವಾದ ತೊಡಕು ನೀರಿನದು. ಈ ಸೀಮೆಯ ಬೋರಿನ ನೀರು ಗಡುಸು. ವರ್ಷಗಟ್ಟಲೆ ಅದನ್ನೇ ಹಾಯಿಸಿದರೆ ಮಣ್ಣು ಕ್ಷಾರಕ್ಕೆ ತಿರುಗುತ್ತದೆ. ಗುಲಾಬಿಗೆ ಬೇಕಾದದ್ದು ತುಸು ಹುಳಿ ಮಣ್ಣು. ರಸಸಾರ 6ರಿಂದ 7ರ ನಡುವೆ. ಕ್ಷಾರ ಹೆಚ್ಚಾದಾಗ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಎಟುಕುವುದಿಲ್ಲ. ಎಳೆ ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದರೆ ಅದೇ ಲಕ್ಷಣ. ಆಗ ನಮ್ಮವರು ಮಾಡುವ ಮೊದಲ ಕೆಲಸ ಮೊಟ್ಟೆಯ ಚಿಪ್ಪು ಪುಡಿ ಮಾಡಿ ಬುಡಕ್ಕೆ ಹಾಕುವುದು. ಚಿಪ್ಪು ಎಂದರೆ ಸುಣ್ಣ. ಸುಣ್ಣ ಹೆಚ್ಚಾಗಿ ನರಳುತ್ತಿರುವ ಮಣ್ಣಿಗೆ ಇನ್ನಷ್ಟು ಸುಣ್ಣ ಏತಕ್ಕೆ? ಅದರ ಬದಲು ಗೊಬ್ಬರ ಹೆಚ್ಚಿಸಿ, ತುಸು ಗಂಧಕ ಬೆರೆಸಿ, ತೀರಾ ಹಳದಿಯಾದರೆ ಫೆರಸ್ ಸಲ್ಫೇಟನ್ನು ತೆಳುವಾಗಿ ಎಲೆಗೆ ಸಿಂಪಡಿಸಿ. ಎಲ್ಲಕ್ಕಿಂತ ಒಳ್ಳೆಯದು ಸೂರಿನ ಮಳೆನೀರನ್ನು ಒಂದು ತೊಟ್ಟಿಯಲ್ಲಿ ಹಿಡಿದಿಟ್ಟು ಗುಲಾಬಿಗೆಂದೇ ಮೀಸಲಿಡುವುದು. ನೀರು ಬೆಳಿಗ್ಗೆ, ಬುಡಕ್ಕೆ. ಸಂಜೆ ಪೈಪು ಹಿಡಿದು ಎಲೆ ತೋಯಿಸುವ ಸುಖ ಕಪ್ಪು ಚುಕ್ಕೆಗೆ ಕೊಡುವ ಆಹ್ವಾನ. ಒಂದು ಅಪವಾದ ಮಾರ್ಚ್‌ನಿಂದ ಮೇವರೆಗೆ: ಒಣ ಸೆಕೆಯಲ್ಲಿ ಎಲೆಯ ಅಡಿಗೆ ಕೆಂಪು ನುಸಿ ಬಲೆ ಕಟ್ಟಿದಾಗ ಬೆಳಗ್ಗೆಯೇ ಎಲೆಯ ಕೆಳಗಿನಿಂದ ಜೋರಾಗಿ ನೀರು ಹೊಡೆದರೆ ಅರ್ಧ ಕೆಲಸ ಮುಗಿಯುತ್ತದೆ.

ಘಮದ ವಿಚಾರಕ್ಕೆ ಬರುತ್ತೇನೆ. ಗುಲಾಬಿಯ ಘಮ ಒಂದೇ ವಸ್ತುವಲ್ಲ. ಜೆರೇನಿಯಾಲ್, ಸಿಟ್ರೊನೆಲಾಲ್, ಫೀನೈಲ್ ಎಥನಾಲ್ ಮುಖ್ಯವಾದವು. ಅತ್ಯಲ್ಪ ಪ್ರಮಾಣದಲ್ಲಿದ್ದೂ ಮೂಗಿಗೆ ಬಲವಾಗಿ ತಟ್ಟುವ ಡಮಾಸ್ಕೆನೋನ್‌ನಂಥವು ಇನ್ನೂ ಹಲವು. ಜೆರೇನಿಯಾಲ್ ಬೇರೆ ಗಿಡಗಳಲ್ಲಿ ತಯಾರಾಗುವ ದಾರಿ ಒಂದು, ಗುಲಾಬಿಯಲ್ಲಿ ಇನ್ನೊಂದು. 2015ರಲ್ಲಿ ಫ್ರೆಂಚ್ ವಿಜ್ಞಾನಿಗಳು ಘಮವಿರುವ ‘ಪಾಪಾ ಮೆಯ್ಯಾಂ’ ಗುಲಾಬಿಯನ್ನೂ ಘಮವಿಲ್ಲದ ‘ರೂಜ್ ಮೆಯ್ಯಾಂ’ ಗುಲಾಬಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಎನ್‌ಯುಡಿಎಕ್ಸ್1 ಎಂಬ ಕಿಣ್ವ ಮೊದಲನೆಯದರ ದಳದಲ್ಲಿ ಚುರುಕಾಗಿ, ಎರಡನೆಯದರಲ್ಲಿ ಬಹುತೇಕ ಸುಮ್ಮನೆ ಇದ್ದದ್ದು ಕಂಡಿತು. ಎಂದರೆ ಘಮ ಇರುವುದು, ಇಲ್ಲದಿರುವುದು ತಳಿಯಲ್ಲೇ ತೀರ್ಮಾನವಾಗಿರುತ್ತದೆ. ಘಮವಿಲ್ಲದ ತಳಿಗೆ ಯಾವ ಗೊಬ್ಬರ ಹಾಕಿದರೂ ಘಮ ಬರುವುದಿಲ್ಲ. ಘಮವಿರುವ ತಳಿಯ ಘಮವನ್ನು ಬಿಸಿಲು ಕದಿಯುವುದುಂಟು. ಇವೆಲ್ಲ ಗಾಳಿಗೆ ಹಾರುವ ದ್ರವ್ಯಗಳು. ಬೆಳಿಗ್ಗೆ ಅರೆಬಿರಿದ ಹೂವಿನಲ್ಲಿ ತುಂಬಿದ್ದು ಹೊತ್ತೇರಿದಂತೆ ಖಾಲಿಯಾಗುತ್ತ ಹೋಗುತ್ತದೆ. ಅದಕ್ಕೇ ಬೆಳೆಗಾರರು ನಸುಕಿನಲ್ಲೇ ಬುಟ್ಟಿ ಹಿಡಿಯುವುದು. ನಡುಹಗಲು ಗಿಡದ ಹತ್ತಿರ ಹೋಗಿ ‘ವಾಸನೆಯೇ ಇಲ್ಲ’ ಎನ್ನುವವರು ಮಾರನೇ ದಿನ ಏಳು ಗಂಟೆಗೆ ಹೋಗಿ ನೋಡಬೇಕು.

ಮನೆಯಲ್ಲೇ ಬೆಳೆಯಿರಿ ಎಂದು ಒತ್ತಾಯಿಸಲು ಇನ್ನೊಂದು ಕಾರಣವೂ ಇದೆ. ಗುಲ್ಕನ್, ಪಾನಕ, ಕೇಸರಿಬಾತಿನ ಮೇಲೆ ನಾಲ್ಕು ದಳ ಎಂದು ಸಂತೆಯ ಹೂವನ್ನು ಅಡುಗೆಮನೆಗೆ ತರುವವರಿದ್ದಾರೆ. ಹಾರಕ್ಕೆಂದು ಬೆಳೆದ ಹೂವಿಗೆ ಥ್ರಿಪ್ಸ್, ನುಸಿ, ಬೂದಿ ರೋಗಕ್ಕೆ ಔಷಧಿ ಹೊಡೆದಿರುತ್ತಾರೆ. ತಿನ್ನುವ ಬೆಳೆಗೆ ಪಾಲಿಸುವ ಗಡುವನ್ನು ಮುಡಿಯುವ ಹೂವಿಗೆ ಯಾರೂ ಪಾಲಿಸುವುದಿಲ್ಲ. ರೈತನನ್ನು ದೂರಿ ಫಲವಿಲ್ಲ, ಅವನು ಮಾರಿದ್ದು ದೇವರಿಗೆ. ಬಾಯಿಗೆ ಹೋಗುವ ಗುಲಾಬಿ ಸ್ವಂತ ಗಿಡದ್ದೇ ಆಗಬೇಕು, ಆ ಗಿಡಕ್ಕೆ ಬೇವಿನೆಣ್ಣೆಗಿಂತ ಗಡುಸಾದದ್ದು ಬೀಳಬಾರದು. ದಳದಷ್ಟೇ ತೂಕದ ಸಕ್ಕರೆ, ಗಾಜಿನ ಭರಣಿಯಲ್ಲಿ ಒಂದು ಪದರ ದಳ, ಒಂದು ಪದರ ಸಕ್ಕರೆ, ಬಾಯಿಗೆ ಬಟ್ಟೆ ಕಟ್ಟಿ ಕೆಲವು ವಾರ ಬಿಸಿಲು. ಎಡ್ವರ್ಡ್‌ನ ತೆಳು ದಳ ಬೇಗ ಕರಗುತ್ತದೆ. ಹೈಬ್ರಿಡ್ ಟೀಯ ದಪ್ಪ ದಳದ ಗುಲ್ಕನ್ ಚಕ್ಕಳ ಅಗಿದ ಹಾಗಿರುತ್ತದೆ.

ಗಿಡ ಎಲ್ಲಿ ಸಿಗುತ್ತದೆ ಎಂದು ಕೇಳುವವರಿಗೆ: ಮೊದಲು ಪಕ್ಕದ ಬೀದಿಯ ಹಳೆಯ ಮನೆಗಳ ಕಾಂಪೌಂಡು ನೋಡಿ. ನರ್ಸರಿಯಲ್ಲಿ ಪನ್ನೀರು ಎಂಬ ಹೆಸರಿನಲ್ಲಿ ಏನೇನೋ ಮಾರುತ್ತಾರೆ. ಹೂವಿರುವ ಗಿಡವನ್ನೇ, ಬೆಳಗ್ಗೆಯೇ, ಮೂಸಿ ನೋಡಿ ಕೊಳ್ಳಬೇಕು. ಮೂಗು ಒಪ್ಪದಿದ್ದರೆ ಚೀಟಿ ಏನೇ ಹೇಳಲಿ, ಬಿಟ್ಟು ಬನ್ನಿ. ಈ ಗುಲಾಬಿಗೆ ಕಸಿಯೇ ಬೇಡ, ಕಡ್ಡಿ ನೆಟ್ಟರೂ ಬೇರು ಬಿಡುತ್ತದೆ. ಕಸಿಯ ಗಿಡಗಳಲ್ಲಿ ಕಾಡುವಂತೆ ಬುಡದಿಂದ ಬೇರುಗಿಡದ ಕಾಡು ಚಿಗುರು ಎದ್ದು ಮೇಲಿನ ತಳಿಯನ್ನು ನುಂಗುವ ಭಯವೂ ಇಲ್ಲ, ಎದ್ದ ಚಿಗುರೆಲ್ಲ ಅದರದೇ. ಸವರಿದಾಗ ಬಿದ್ದ ಕೊಂಬೆಗಳಲ್ಲಿ ಪೆನ್ಸಿಲ್ ದಪ್ಪದವನ್ನು ಆರಿಸಿ, ನಾಲ್ಕು ಕಣ್ಣಿರುವಂತೆ ಒಂದು ಗೇಣು ಕತ್ತರಿಸಿ, ಎರಡು ಕಣ್ಣು ಮಣ್ಣೊಳಗೆ ಹೋಗುವಂತೆ ನೆರಳಲ್ಲಿ ನೆಡಿ. ತಲೆಕೆಳಗಾಗದಂತೆ ಮೇಲ್ತುದಿಯನ್ನು ಓರೆಯಾಗಿ ಕತ್ತರಿಸಿ ಗುರುತಿಟ್ಟುಕೊಳ್ಳಿ. ಹತ್ತು ಕಡ್ಡಿ ಬೇಡಿ ತಂದರೆ ಒಂದೆರಡು ಸತ್ತರೂ ನಿಮಗೆ ಸಾಲು ಗಿಡ, ನೆರೆಮನೆಗೆ ಎರಡು. ಕೇಳಲು ಹೋಗಬೇಕಾದದ್ದು ಅವರು ಗಿಡ ಸವರುವ ವಾರದಲ್ಲಿ.